ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ನೋಡೋಕೆ ಹೋದಾಗ ತಂತಿ ಸಡಿಲ ಇದ್ದರೆ ಹುಷಾರು

ಬೇಸ್ ಗಿಟಾರ್ ಹುಡುಕುತ್ತಿರುವವರು ಇದನ್ನು ಒಮ್ಮೆ ಓದಿಬಿಡಿ. ನನಗೆ ಮಾರಿದವರು ಆಡಿದ ಆಟವನ್ನು ನಿಮ್ಮ ಹತ್ತಿರವೂ ಯಾರಾದರೂ ಆಡಬಹುದು.

ಅವರ ಹತ್ತಿರ ಎರಡು ಬೇಸ್ ಇದ್ದವು. ಒಂದಕ್ಕೆ ಮೈಯೆಲ್ಲ ಗೀರು, ಅಂಚಿನಲ್ಲಿ ಬಣ್ಣ ಎದ್ದು ಮರ ಕಾಣುತ್ತಿತ್ತು, ಬೆಲೆ ಮಾತ್ರ ಜಾಸ್ತಿ. ಇನ್ನೊಂದು ಕಡುಗೆಂಪು, ಥಳಥಳ ಹೊಳೀತಿತ್ತು, ಬೆಲೆ ಹೆಚ್ಚುಕಡಿಮೆ ಅರ್ಧ. ಎರಡೂ ನಾಲ್ಕು ತಂತಿಯವು, ಎರಡರ ಸ್ಕೇಲೂ (ತಂತಿಯ ನುಡಿಯುವ ಭಾಗದ ಉದ್ದ) 34 ಇಂಚು. "ಅದಕ್ಕೆ ಬರೀ ಕಂಪನಿ ಹೆಸರಿನ ಬೆಲೆ, ಇದನ್ನ ಯಾರೂ ಸರಿಯಾಗಿ ನುಡಿಸೇ ಇಲ್ಲ" ಅಂದರು. ತಂತಿ ಯಾಕೆ ಇಷ್ಟು ಸಡಿಲ ಅಂತ ಕೇಳಿದ್ದಕ್ಕೆ, ನೆಕ್ (ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಹಿಡಿ) ಮೇಲೆ ಎಳೆತ ಬೀಳಬಾರದು ಅಂತ ಬಿಟ್ಟಿದ್ದೀನಿ ಅಂದರು. ಕೇಳೋಕೆ ಎಷ್ಟು ಕಾಳಜಿಯ ಮಾತು ಅಲ್ವಾ! ನೆಕ್ ಉದ್ದಕ್ಕೂ ಕಣ್ಣು ಹಾಯಿಸಿದರೆ ನೆಟ್ಟಗೇ ಇತ್ತು. ಕೆಂಪು ಬೇಸ್ ಮನೆಗೆ ಬಂತು.

ಸಂಜೆ ಇ, ಎ, ಡಿ, ಜಿ ಅಂತ ಸರಿಯಾದ ಶ್ರುತಿಗೆ ಬಿಗಿ ಮಾಡಿಟ್ಟೆ. ಬೆಳಗ್ಗೆ ನೋಡಿದರೆ ಶ್ರುತಿ ಇಳಿದಿದೆ, 12ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ಇ ತಂತಿ ಎದ್ದು ನಿಂತಿದೆ. ಅಳತೆಪಟ್ಟಿ ಇಟ್ಟರೆ 5 ಮಿಲಿಮೀಟರ್. ಸಾಮಾನ್ಯವಾಗಿ 2, ಎರಡೂವರೆ ಇದ್ದರೆ ಆರಾಮಾಗಿ ನುಡಿಸಬಹುದು. ನಾಲ್ಕು ತಂತಿ ಸೇರಿ ನೆಕ್ಕನ್ನು ಸುಮಾರು 70 ಕೆಜಿ ಎಳೆತದಲ್ಲಿ ಮುಂದಕ್ಕೆ ಬಾಗಿಸುತ್ತವೆ, ಅದಕ್ಕೆ ಎದುರು ನಿಲ್ಲೋದು ಒಳಗಿರುವ ಟ್ರಸ್ ರಾಡ್ ಅನ್ನೋ ಲೋಹದ ಸರಳು. ಎಳೆತವೇ ಇಲ್ಲದಾಗ ಸತ್ತ ನೆಕ್ಕೂ ನೆಟ್ಟಗೇ ಕಾಣುತ್ತೆ. ಸಡಿಲ ಬಿಟ್ಟಿದ್ದು ಇದಕ್ಕೇ.

ತಲೆಯ (ತಂತಿ ಬಿಗಿ ಮಾಡುವ ತುದಿ) ಹತ್ತಿರದ ಮುಚ್ಚಳ ಬಿಚ್ಚಿ, ಆ ರಾಡ್ ತಿರುಗಿಸೋಕೆ ಅಲೆನ್ ಕೀ ಹಾಕಿದರೆ ಅದು ಹಿಡಿತವೇ ಇಲ್ಲದೆ ಸುಮ್ನೆ ಸುತ್ತುತ್ತೆ. ಒಳಗಿನ ಆರು ಮೂಲೆ ಸವೆದು ದುಂಡಗಾಗಿತ್ತು. ಅಂದರೆ ಯಾರೋ ಮೊದಲೇ ಜೋರಾಗಿ ತಿರುಗಿಸಿ, ಆಗದೆ ಕೈಬಿಟ್ಟಿದ್ದಾರೆ. ಆಮೇಲೆ ಕಂಡಿದ್ದು ಇನ್ನೂ ಕೆಟ್ಟದ್ದು. ಬೆಳಕಿಗೆ ಓರೆಯಾಗಿ ಹಿಡಿದರೆ ತಲೆ ಮತ್ತು ನೆಕ್ ಸೇರುವ ಕಡೆ, ಹಿಂಬದಿಯಲ್ಲಿ, ಬಣ್ಣದ ಕೆಳಗೆ ಕೂದಲೆಳೆಯಂಥ ಗೆರೆ. ಅಲ್ಲಿ ಮಾತ್ರ ಬಣ್ಣ ದಪ್ಪ, ಹೆಬ್ಬೆರಳು ಓಡಿಸಿದರೆ ಗೊತ್ತಾಗುತ್ತೆ. ಒಡೆದ ಜಾಗಕ್ಕೆ ಅಂಟು ಹಾಕಿ ಬಣ್ಣ ಬಳಿದಿದ್ದರು. ನೆಕ್ ಬದಲಿಸೋಕೆ ಈ ಬೇಸ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಆಗುತ್ತೆ ಅಂತ ರಿಪೇರಿಯವರು ಹೇಳಿದರು. ಮಾರಿದವರನ್ನು ಕೇಳಿದರೆ "ಕೊಟ್ಟಾಗ ಸರಿ ಇತ್ತಲ್ಲ" ಅಂದರು, ಆಮೇಲೆ ಫೋನೇ ಎತ್ತಲಿಲ್ಲ.

ಹಾಗಾಗಿ ಹೋದ ತಕ್ಷಣ ಶ್ರುತಿ ಮಾಡಿಸಿ. ಅರ್ಧ ಗಂಟೆ ನುಡಿಸಿ, ಮಾತಾಡಿ, ನೆಕ್‌ಗೆ ಬಾಗೋಕೆ ಸಮಯ ಕೊಡಿ. ಆಮೇಲೆ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು 7, 8ನೇ ಫ್ರೆಟ್ ಹತ್ತಿರ ಸಂದು ನೋಡಿ. ವಿಸಿಟಿಂಗ್ ಕಾರ್ಡಿನ ದಪ್ಪದಷ್ಟಿದ್ದರೆ ಚಿಂತೆಯಿಲ್ಲ. ನಾಣ್ಯ ತೂರುವಷ್ಟಿದ್ದರೆ ನೆಕ್ ಬಾಗಿದೆ. ಬಾಗಿದ್ದನ್ನು ರಾಡ್ ಸರಿ ಮಾಡಬಹುದು, ಆದರೆ ಆ ರಾಡ್ ತಿರುಗುತ್ತೆ ಅನ್ನೋದನ್ನು ಮಾಲೀಕರೇ ನಿಮ್ಮೆದುರು ಕಾಲು ಸುತ್ತು ತಿರುಗಿಸಿ ತೋರಿಸಲಿ. ಕೆಲವು ಹಳೇ ಮಾದರಿಗಳಲ್ಲಿ ರಾಡ್ ತಿರುಗಿಸುವ ತುದಿ ಬಾಡಿ ಕಡೆ ಇರುತ್ತೆ, ನೆಕ್ ಬಿಚ್ಚದೆ ನೋಡೋಕಾಗಲ್ಲ, ಅಂಥದ್ದಕ್ಕೆ ಬೇಸ್ ಗೊತ್ತಿರುವವರನ್ನು ಜೊತೆಗೆ ಕರ್ಕೊಂಡು ಹೋಗಿ. ನೆಕ್ ತಿರುಚಿಕೊಂಡಿದ್ದರೆ ಮಾತ್ರ ರಾಡಿನಿಂದಲೂ ಆಗಲ್ಲ.

ನಾಬ್ ಕರಕರ ಅಂದರೆ, ಕೇಬಲ್ ಚುಚ್ಚುವ ಜ್ಯಾಕ್ ಅಲ್ಲಾಡಿದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಸಣ್ಣ ಖರ್ಚು. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವಂಥದ್ದು) ಆದರೆ 9 ವೋಲ್ಟ್ ಬ್ಯಾಟರಿ ಗೂಡು ತೆರೆದು, ಸೋರಿ ತುಕ್ಕು ಹಿಡಿದಿದೆಯಾ ನೋಡಿ. ಬಾಡಿ ಮೇಲಿನ ಗೀರಿಗೂ ದನಿಗೂ ಸಂಬಂಧವೇ ಇಲ್ಲ. ಗೀರು ಹುಡುಕೋದೇ ಆದರೆ ಫ್ರೆಟ್‌ಗಳ ಮೇಲೆ, ತಂತಿಯ ಕೆಳಗೆ ಹುಡುಕಿ.

ಬಿಗಿ ಮಾಡಿದರೆ ಹಳೇ ತಂತಿ ಹರಿದು ಹೋಗುತ್ತೆ ಅಂತ ನೆಪ ಹೇಳುವವರೂ ಇದ್ದಾರೆ. ಒಂದು ಹೊಸ ಸೆಟ್ ನೀವೇ ಒಯ್ಯಿರಿ. ಅದನ್ನೂ ಹಾಕೋಕೆ ಬಿಡದಿದ್ದರೆ ಬಂದ ದಾರಿ ಹಿಡಿಯಿರಿ.