ಮೋನೋ ಕಾರ್ಟ್ರಿಜ್‌ನಲ್ಲಿ ಹಳೆಯ ಜಾಝ್: ಚಟಪಟ ಹೋಯಿತು, ಗುಂಯ್ ಬಂತು

ಈ ಮೋನೋ ಕಾರ್ಟ್ರಿಜ್ (ಟರ್ನ್‌ಟೇಬಲ್‌ನಲ್ಲಿ ಸೂಜಿ ಹೊತ್ತು ರೆಕಾರ್ಡ್ ಓದುವ ಭಾಗ) ಹಾಕಿದ ಮೇಲೆ ನನ್ನ ಹಳೆಯ ಜಾಝ್ ರೆಕಾರ್ಡುಗಳ ಚಟಪಟ ಸದ್ದು ಎಷ್ಟೋ ಇಳಿಯಿತು. ವಿಮರ್ಶೆ ಬರೆಯಲು ಅದೊಂದೇ ಸಾಕಿತ್ತು. ಆದರೆ ಅದರ ಜೊತೆಗೆ ಒಂದು ಗುಂಯ್ ಸದ್ದೂ ಮನೆಗೆ ಬಂತು. ಅದರ ಬಗ್ಗೆ ಡಬ್ಬದೊಳಗಿನ ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ. ಹಾಗಾಗಿ ಈ ಬರಹ ಸ್ವಲ್ಪ ಉದ್ದ.

ನನ್ನದು ಮೂವಿಂಗ್ ಕಾಯಿಲ್ ಜಾತಿಯ (ಸೂಜಿಯ ಜೊತೆ ಪುಟ್ಟ ತಂತಿಸುರುಳಿ ಅಲುಗುವಂಥದ್ದು), ಮಧ್ಯಮ ದರ್ಜೆಯ ಮೋನೋ ಕಾರ್ಟ್ರಿಜ್. ಕಂಪನಿಯ ಹೆಸರು ಬೇಡ. ನಾನು ಹೊಗಳಿದ್ದೂ ಬೈದದ್ದೂ ಈ ಜಾತಿಯ ಇನ್ನೂ ಹಲವು ಕಾರ್ಟ್ರಿಜ್‌ಗಳಿಗೆ ಹೊಂದುತ್ತದೆ. ಔಟ್‌ಪುಟ್ ಎಷ್ಟು ಮಿಲಿವೋಲ್ಟ್, ತೂಕ ಎಷ್ಟು ಗ್ರಾಮ್ ಅನ್ನೋದನ್ನೆಲ್ಲ ನೀವು ಈಗಾಗಲೇ ನೋಡಿರುತ್ತೀರಿ, ಅದನ್ನು ಬಿಟ್ಟು ಮುಂದೆ ಹೋಗೋಣ.

ನನ್ನ ಶೆಲ್ಫಿನಲ್ಲಿ ಅರ್ಧಕ್ಕಿಂತ ಜಾಸ್ತಿ 1950ರ ದಶಕದ ಜಾಝ್. ಬ್ಲೂ ನೋಟ್, ಪ್ರೆಸ್ಟೀಜ್, ರಿವರ್‌ಸೈಡ್, ಹೀಗೆ ರೆಕಾರ್ಡ್ ಕಂಪನಿಗಳವು. ಸ್ಟೀರಿಯೋ ಎಲ್‌ಪಿಗಳು ಸಾಮಾನ್ಯ ಕೇಳುಗರ ಕೈಗೆ ಸಿಕ್ಕಿದ್ದು 1958ರಿಂದ. ಅದರ ಹಿಂದಿನವೆಲ್ಲ ಮೋನೋ, ಅಂದರೆ ಎಡ ಬಲ ಅಂತ ಬೇರೆ ಬೇರೆ ಇಲ್ಲದೆ ಒಂದೇ ಸದ್ದು. ಆಮೇಲೂ ಸುಮಾರು ಹತ್ತು ವರ್ಷ ಅಮೆರಿಕದ ಕಂಪನಿಗಳು ಒಂದೇ ಆಲ್ಬಮ್ಮನ್ನು ಎರಡೂ ರೂಪದಲ್ಲಿ ಮಾರುತ್ತಿದ್ದವು. 1968ರ ಹೊತ್ತಿಗೆ ಮೋನೋ ಹೆಚ್ಚುಕಡಿಮೆ ನಿಂತಿತು. ನನ್ನ ಪ್ರತಿಗಳು ಯಾವುವೂ ಗಾಜಿನ ಪೆಟ್ಟಿಗೆಯಲ್ಲಿ ಇಡುವಂಥವಲ್ಲ. ಯಾರೋ ಪಾರ್ಟಿಗಳಲ್ಲಿ ಹಾಕಿ ಹಾಕಿ ಸವೆಸಿದವು, ಕವರಿನ ಮೇಲೆ ಪೆನ್ನಿನಲ್ಲಿ ಹೆಸರು ಗೀಚಿದವು. ನನ್ನ ಬಜೆಟ್ಟಿಗೆ ಸಿಗೋದು ಅಂಥವೇ. ಚಟಪಟ ನನಗೆ ಇಷ್ಟು ದೊಡ್ಡ ವಿಷಯವಾಗಿದ್ದು ಅದಕ್ಕೇ.

ಸ್ಟೀರಿಯೋ ಕಾರ್ಟ್ರಿಜ್ ಮೋನೋ ರೆಕಾರ್ಡನ್ನೂ ಓದುತ್ತದೆ, ಅಲ್ವಾ? ಹೌದು, ಓದುತ್ತದೆ. ಬೇಡದ್ದನ್ನೂ ಓದುತ್ತದೆ. ಮೋನೋ ಗ್ರೂವ್‌ನಲ್ಲಿ (ಸೂಜಿ ಓಡುವ ಗೆರೆಯಲ್ಲಿ) ಸಂಗೀತವೆಲ್ಲ ಇರುವುದು ಎಡ-ಬಲದ ಅಲುಗಾಟದಲ್ಲಿ. ಮೇಲೆ-ಕೆಳಗಿನ ಅಲುಗಾಟದಲ್ಲಿ ಸಂಗೀತವೇ ಇಲ್ಲ, ಬರೀ ಧೂಳು, ಗೀರು, ಸವೆತ. ಸ್ಟೀರಿಯೋ ಗ್ರೂವ್‌ನಲ್ಲಿ 45 ಡಿಗ್ರಿ ಓರೆಯಾಗಿರುವ ಎರಡು ಗೋಡೆಗಳು ಒಂದೊಂದು ಚಾನೆಲ್ ಹೊತ್ತಿರುತ್ತವೆ. ಅದಕ್ಕೆಂದೇ ಮಾಡಿದ ಕಾರ್ಟ್ರಿಜ್ ಎರಡೂ ಬಗೆಯ ಅಲುಗಾಟವನ್ನು ಶ್ರದ್ಧೆಯಿಂದ ಓದುತ್ತದೆ. ಅದರಲ್ಲಿ ಮೋನೋ ರೆಕಾರ್ಡ್ ಹಾಕಿದರೆ ಸಂಗೀತ ನಡುವೆ ನಿಲ್ಲುತ್ತದೆ, ಕಸ ಮಾತ್ರ ಕೋಣೆಯ ತುಂಬ ಎಡಕ್ಕೂ ಬಲಕ್ಕೂ ಹಾರುತ್ತದೆ. ಮೋನೋ ಕಾರ್ಟ್ರಿಜ್ ಮೇಲೆ-ಕೆಳಗಿನ ಸದ್ದಿಗೆ ಕಿವುಡು. ಉಳಿದ ಚಟಪಟವೂ ನಡುವಿನಲ್ಲೇ, ಸಂಗೀತದ ಹಿಂದೆ ಕೂರುತ್ತದೆ. ಐದು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ.

ಸೂಜಿಯ ತುದಿಯದ್ದೂ ಒಂದು ಪಾತ್ರ ಇದೆ. ಆ ಕಾಲದ ಮೋನೋ ಎಲ್‌ಪಿಗೆ ಬಳಸುತ್ತಿದ್ದ ಸೂಜಿಯ ತುದಿ ಸುಮಾರು 25 ಮೈಕ್ರಾನ್ ತ್ರಿಜ್ಯದ್ದು. ಸ್ಟೀರಿಯೋ ಬಂದ ಮೇಲೆ ಅದು 18ರ ಆಸುಪಾಸಿಗೆ ಇಳಿಯಿತು. ನನ್ನದು ದಪ್ಪ ತುದಿಯದ್ದು. ಅಗಲವಾದ ಹಳೆಯ ಗ್ರೂವ್‌ನಲ್ಲಿ ಅದು ಗೋಡೆಯ ಸ್ವಲ್ಪ ಮೇಲಿನ ಭಾಗಕ್ಕೆ ಆತುಕೊಳ್ಳುತ್ತದೆ. ಹಿಂದಿನ ಮಾಲೀಕರ ಸೂಜಿ ಕೆರೆದು ಹಾಳುಮಾಡಿದ ಜಾಗ ತಪ್ಪಿದರೆ ನಮ್ಮ ಅದೃಷ್ಟ. ಎಲ್ಲ ಪ್ರತಿಗೂ ಈ ಅದೃಷ್ಟ ಇರಲ್ಲ. ಕೆಲವು ರೆಕಾರ್ಡುಗಳನ್ನು ದೇವರೇ ಬಂದರೂ ಉಳಿಸೋಕಾಗಲ್ಲ.

ಗಲಾಟೆ ಕಡಿಮೆಯಾಗಲಿ ಅಂತ ತಾನೇ ಕೊಂಡದ್ದು? ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಸ್ಯಾಕ್ಸೋಫೋನ್ ವಾದಕ ಸೋನಿ ರಾಲಿನ್ಸ್ 1956ರ ಜೂನ್‌ನಲ್ಲಿ ರೆಕಾರ್ಡ್ ಮಾಡಿದ ‘ಸ್ಯಾಕ್ಸೋಫೋನ್ ಕೊಲೊಸಸ್’ ನನ್ನ ಪರೀಕ್ಷೆಯ ತಟ್ಟೆ. ಮೊದಲ ಹಾಡಿನಲ್ಲಿ ಮ್ಯಾಕ್ಸ್ ರೋಚ್ ಒಬ್ಬರೇ ಡ್ರಮ್ಸ್ ಹಿಡಿದು ಶುರು ಮಾಡುತ್ತಾರೆ. ಹಳೆಯ ಕಾರ್ಟ್ರಿಜ್‌ನಲ್ಲಿ ಆ ಡ್ರಮ್ಸಿನ ಸುತ್ತ ಒಂದು ಮಬ್ಬು ಇರುತ್ತಿತ್ತು. ಈಗ ತೊಗಲಿಗೆ ಕೋಲು ಬೀಳೋದು, ಆಮೇಲೆ ಒಳಗಿನ ಗಾಳಿ ಗುಮ್ ಅನ್ನೋದು, ಎರಡೂ ಬೇರೆ ಬೇರೆ ಕೇಳುತ್ತವೆ. ಸ್ಯಾಕ್ಸ್ ಬಂದಾಗ ಅದು ಡ್ರಮ್ಸಿನ ಎಡಕ್ಕೋ ಬಲಕ್ಕೋ ನಿಲ್ಲುವುದಿಲ್ಲ, ಮುಂದೆ ಬಂದು ನಿಲ್ಲುತ್ತದೆ. ಡಗ್ ವಾಟ್ಕಿನ್ಸ್ ಅವರ ಬೇಸ್ ಅದರ ಬೆನ್ನ ಹಿಂದೆ. ಟಾಮಿ ಫ್ಲಾನಗನ್ ಅವರ ಪಿಯಾನೋ ಇನ್ನೂ ಹಿಂದೆ. ಮೋನೋ ಅಂದರೆ ಚಪ್ಪಟೆ ಅಂತ ಹೇಳುವವರು ಇದನ್ನೊಮ್ಮೆ ಕೂತು ಕೇಳಬೇಕು. ಅಗಲ ಇಲ್ಲ, ನಿಜ. ಆದರೆ ಆಳ ಎಷ್ಟು ಬೇಕೋ ಅಷ್ಟಿದೆ.

ಇದನ್ನು ರೆಕಾರ್ಡ್ ಮಾಡಿದ್ದು ರೂಡಿ ವಾನ್ ಗೆಲ್ಡರ್. ಹಗಲೆಲ್ಲ ಜನರ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುತ್ತಿದ್ದ ಮನುಷ್ಯ. ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ ಅವರ ಸ್ಟುಡಿಯೋ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿಸಿಕೊಳ್ಳುವ ತನಕ ಬ್ಲೂ ನೋಟ್, ಪ್ರೆಸ್ಟೀಜ್, ಸವಾಯ್ ಕಂಪನಿಗಳ ಎಷ್ಟೋ ರೆಕಾರ್ಡಿಂಗ್ ಆ ಹಾಲ್‌ನಲ್ಲೇ ನಡೆಯುತ್ತಿತ್ತು. ಯಾವ ವಾದ್ಯ ಎಷ್ಟು ಮುಂದಿರಬೇಕು ಅಂತ ಅವರು ಆಗ ತೀರ್ಮಾನಿಸುತ್ತಿದ್ದದ್ದು ಮೋನೋದಲ್ಲಿ ಕೇಳಿಯೇ. ನನಗೀಗ ಕೇಳುತ್ತಿರುವ ಆಳ ಅವರು ಅಳೆದು ಇಟ್ಟದ್ದು, ಕಾರ್ಟ್ರಿಜ್ ಹುಟ್ಟಿಸಿದ್ದಲ್ಲ. ಅವರ ಪಿಯಾನೋ ಸದ್ದಿನ ಬಗ್ಗೆ ತಕರಾರು ಇರುವವರು ತುಂಬಾ ಜನ. ಡಬ್ಬದೊಳಗಿಂದ ಬಂದ ಹಾಗಿದೆ ಅನ್ನುತ್ತಾರೆ. ಈ ಕಾರ್ಟ್ರಿಜ್ ಅದನ್ನೇನೂ ಸರಿಮಾಡಲ್ಲ. ಪಿಯಾನೋ ಈಗಲೂ ಡಬ್ಬದೊಳಗೇ ಇದೆ, ಡಬ್ಬ ಮಾತ್ರ ಸ್ವಚ್ಛವಾಗಿದೆ.

ಇನ್ನು ದಿನದ ಬಳಕೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನನ್ನ ಸಮಯ. ಮೊದಲು ಆಂಪ್ಲಿಫೈಯರ್ ಆನ್ ಮಾಡಿ ಬಿಸಿಯಾಗಲು ಬಿಡುತ್ತೇನೆ. ರೆಕಾರ್ಡನ್ನು ಅಂಚು ಹಿಡಿದು ಹೊರತೆಗೆದು, ಸುಮ್ನೆ ಒಮ್ಮೆ ದೀಪಕ್ಕೆ ಓರೆಯಾಗಿ ಹಿಡಿದು ನೋಡುತ್ತೇನೆ. ಗೀರುಗಳು ಎಲ್ಲಿವೆ ಅಂತ ಗೊತ್ತಿದ್ದರೂ ನೋಡುತ್ತೇನೆ. ಹಾಡುಗಳು ಮುಗಿದು ಲೇಬಲ್ ಶುರುವಾಗುವ ಮೊದಲಿನ ಖಾಲಿ ಜಾಗದಲ್ಲಿ ‘ಆರ್‌ವಿಜಿ’ (ರೂಡಿ ವಾನ್ ಗೆಲ್ಡರ್ ಹೆಸರಿನ ಮೊದಲಕ್ಷರಗಳು) ಅಂತ ಕೊರೆದಿದ್ದರೆ ಬೆರಳಿಗೆ ಮುಟ್ಟಿ ನೋಡುವ ಆಸೆ ಆಗುತ್ತದೆ, ಮುಟ್ಟಲ್ಲ. ತಟ್ಟೆ ತಿರುಗುತ್ತಿರುವಾಗ ಕಾರ್ಬನ್ ಫೈಬರ್ ಬ್ರಷ್ಷನ್ನು ಎರಡು ಸುತ್ತು ಹಗುರವಾಗಿ ಆನಿಸಿ, ಅಂಚಿನ ಕಡೆ ಎಳೆದು ಧೂಳು ತೆಗೆಯುತ್ತೇನೆ. ಸೂಜಿಯನ್ನು ಮೆತ್ತನೆಯ ಜೆಲ್ ಮೇಲೆ ನೇರವಾಗಿ ಇಳಿಸಿ ಎತ್ತಿದರೆ, ಜೆಲ್ ಮೇಲೆ ಬೂದು ಬಣ್ಣದ ಒಂದು ಚುಕ್ಕೆ ಉಳಿಯುತ್ತದೆ. ಆ ಚುಕ್ಕೆ ಕಂಡರೆ ಯಾಕೋ ಸಮಾಧಾನ. ಆಮೇಲೆ ಲಿವರ್ ಇಳಿಸಿ, ಸೂಜಿ ಗ್ರೂವ್ ಮುಟ್ಟುವ ಮೊದಲೇ ಓಡಿಹೋಗಿ ಕುರ್ಚಿಯಲ್ಲಿ ಕೂರಬೇಕು. ಕುರ್ಚಿ ಎರಡೂ ಸ್ಪೀಕರುಗಳ ಸರಿ ನಡುವೆ ಇರಲಿ. ಸ್ವಲ್ಪ ಓರೆಯಾದರೂ ಇಡೀ ತಂಡ ಹತ್ತಿರದ ಸ್ಪೀಕರಿನ ಕಡೆ ಎದ್ದು ಹೋಗುತ್ತದೆ. ಒಂದು ಸ್ಪೀಕರನ್ನೇ ಆಫ್ ಮಾಡಿ ಕೇಳುವವರೂ ಇದ್ದಾರೆ. ಮಾಡಿ ನೋಡಿದೆ. ಬೇಸ್ ಬಿಗಿಯಾಗುತ್ತದೆ, ಆದರೆ ಸದ್ದು ಚಿಕ್ಕದಾಗುತ್ತದೆ.

ಇಷ್ಟರವರೆಗೆ ಹೊಗಳಿಕೆ. ಈಗ ಗುಂಯ್.

ಹಾಕಿದ ದಿನವೇ, ಎರಡು ಹಾಡುಗಳ ನಡುವಿನ ಖಾಲಿ ಜಾಗದಲ್ಲಿ ಅದು ಕೇಳಿತು. ಪಕ್ಕದ ಕೋಣೆಯಲ್ಲಿ ಹಳೇ ಫ್ರಿಜ್ ಓಡುತ್ತಿರುವ ಹಾಗೆ. ಜೋರಾದ ಹಾಡಿನಲ್ಲಿ ಮುಚ್ಚಿಹೋಗುತ್ತದೆ. ಆದರೆ ಬ್ಯಾಲಡ್‌ನಲ್ಲಿ ಬೇಸ್ ಒಂದು ಸ್ವರ ಎಳೆದು ನಿಲ್ಲಿಸಿದಾಗ, ಆ ನಿಲ್ಲಿಸಿದ ಜಾಗದಲ್ಲಿ ಮೌನ ಬರಬೇಕು ತಾನೇ? ಬರುವುದು ಗುಂಯ್. ಇಡೀ ಹಣ ಕೊಟ್ಟದ್ದು ಆ ಮೌನಕ್ಕೆ! ಕಂಪನಿಗೆ ಬರೆದೆ. ಟರ್ನ್‌ಟೇಬಲ್‌ನ ಗ್ರೌಂಡ್ ತಂತಿಯನ್ನು ಸರಿಯಾಗಿ ಬಿಗಿಯಿರಿ ಅಂತ ಉತ್ತರ ಬಂತು. ಅದು ಬಿಗಿಯಾಗೇ ಇತ್ತು. ಮತ್ತೆ ಬರೆದೆ. ಅದೇ ಉತ್ತರ, ಈ ಸಲ ಚಿತ್ರದ ಸಮೇತ.

ಕಾರಣ ಇದು. ಈ ಕಾರ್ಟ್ರಿಜ್‌ಗೆ ಹಿಂದೆ ನಾಲ್ಕು ಪಿನ್ ಇವೆ, ಆದರೆ ಒಳಗೆ ಎರಡೂ ಚಾನೆಲ್ಲಿನ ಪಿನ್ನುಗಳನ್ನು ಒಟ್ಟಿಗೆ ಸೇರಿಸಿದ್ದಾರೆ. ಗ್ರೌಂಡ್‌ಗಳೂ ಸೇರಿದವು. ಅತ್ತ ಫೋನೋ ಸ್ಟೇಜ್ (ಕಾರ್ಟ್ರಿಜ್‌ನ ಚಿಕ್ಕ ಸಿಗ್ನಲ್ ದೊಡ್ಡದು ಮಾಡುವ ಭಾಗ) ಒಳಗೆ ಅವೇ ಎರಡು ಗ್ರೌಂಡ್‌ಗಳು ಇನ್ನೊಮ್ಮೆ ಸೇರುತ್ತವೆ. ಹೀಗೆ ಎರಡು ತುದಿಯಲ್ಲೂ ಸೇರಿಕೊಂಡ ಎರಡು ತಂತಿ ಅಂದರೆ ಒಂದು ಪೂರ್ತಿ ಸುತ್ತು. ಸುತ್ತಮುತ್ತಲಿನ ಟ್ರಾನ್ಸ್‌ಫಾರ್ಮರುಗಳಿಂದ ಮನೆಯ ಕರೆಂಟಿನ 50 ಅಥವಾ 60 ಹರ್ಟ್ಝ್ ಸದ್ದನ್ನು ಆ ಸುತ್ತು ಹಿಡಿದುಕೊಳ್ಳುತ್ತದೆ. ಮೂವಿಂಗ್ ಕಾಯಿಲ್ ಸಿಗ್ನಲ್ ತೀರಾ ಚಿಕ್ಕದು, ಅದನ್ನು ದೊಡ್ಡದು ಮಾಡುವಾಗ ಈ ಸದ್ದೂ ಜೊತೆಗೇ ಬೆಳೆಯುತ್ತದೆ. ಪರಿಹಾರ ಸುಲಭ. ಹೆಡ್‌ಶೆಲ್‌ನಲ್ಲಿರುವ (ಕಾರ್ಟ್ರಿಜ್ ಕೂರುವ ಚಿಕ್ಕ ಹಿಡಿಯಲ್ಲಿರುವ) ನಾಲ್ಕು ತಂತಿಗಳಲ್ಲಿ ಹಸಿರು, ಅಂದರೆ ಬಲ ಚಾನೆಲ್ಲಿನ ಗ್ರೌಂಡನ್ನು ಪಿನ್ನಿಂದ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಬಿಡಬೇಕು. ಸುತ್ತು ಕಡಿದುಹೋಗುತ್ತದೆ, ಎರಡೂ ಸ್ಪೀಕರಿನಲ್ಲಿ ಹಾಡು ಬರುತ್ತಲೇ ಇರುತ್ತದೆ. ಚಿಕ್ಕ ಚಿಮುಟದಲ್ಲಿ, ಉಸಿರು ಹಿಡಿದು ಮಾಡುವ ಕೆಲಸ. ಹಿಡಿಯಬೇಕಾದದ್ದು ಲೋಹದ ಕ್ಲಿಪ್ಪನ್ನು, ತಂತಿಯನ್ನು ಎಳೆದರೆ ಕಿತ್ತು ಬರುತ್ತದೆ. ಇಷ್ಟು ಮಾಡಿದ ಮೇಲೆ ಗುಂಯ್ ಪೂರ್ತಿ ಹೋಯಿತು. ಸಿಟ್ಟು ಪೂರ್ತಿ ಹೋಗಿಲ್ಲ. ನಾಲ್ಕು ಸಾಲಿನ ಒಂದು ಚೀಟಿ ಡಬ್ಬದಲ್ಲಿ ಹಾಕಿದ್ದರೆ ಏನು ಕಳೆದುಕೊಳ್ಳುತ್ತಿದ್ದರು?

ಎರಡನೇ ತಕರಾರು, ಬದಲಾಯಿಸುವ ರಗಳೆ. ಎಲ್ಲ ರೆಕಾರ್ಡೂ ಮೋನೋ ಅಲ್ಲವಲ್ಲ. ಬಿಲ್ ಎವನ್ಸ್ ಟ್ರಿಯೋ 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದನ್ನು ನಾನು ಸ್ಟೀರಿಯೋದಲ್ಲೇ ಕೇಳೋದು. ಅಲ್ಲಿ ಸ್ಕಾಟ್ ಲಾಫಾರೋ ಅವರ ಬೇಸ್ ಪಿಯಾನೋಗೆ ತಾಳ ಹಾಕಿಕೊಂಡು ಹಿಂದೆ ಕೂರುವುದಿಲ್ಲ, ಎದುರು ನಿಂತು ಮಾತಿಗೆ ಮಾತು ಕೊಡುತ್ತದೆ. ಇಬ್ಬರ ನಡುವೆ ಜಾಗ ಇದ್ದರೇ ಅದು ಕೇಳಿಸೋದು. ಆ ರೆಕಾರ್ಡಿಂಗ್ ಆದ ಹನ್ನೊಂದನೇ ದಿನ ಲಾಫಾರೋ ಕಾರು ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 25. ಮೋನೋ ಕಾರ್ಟ್ರಿಜ್‌ನಲ್ಲಿ ಹಾಕಿದರೆ ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ಹಾಗಾಗಿ ಕಾರ್ಟ್ರಿಜ್ ಬದಲಾಯಿಸಲೇಬೇಕು. ತಿರುಗಿಸಿ ಬಿಚ್ಚುವ ಹೆಡ್‌ಶೆಲ್ ಇರುವ ಟೋನ್‌ಆರ್ಮ್ (ಕಾರ್ಟ್ರಿಜ್ ಹೊತ್ತ ತೋಳು) ಆದರೆ ಪರವಾಗಿಲ್ಲ. ಎರಡು ಹೆಡ್‌ಶೆಲ್ ಇಟ್ಟುಕೊಂಡು, ಹಿಂದಿನ ಭಾರ ಸರಿಮಾಡಿಕೊಂಡರೆ ಆಯಿತು. ಕಾರ್ಟ್ರಿಜ್ ಆರ್ಮಿಗೇ ಸ್ಕ್ರೂ ಹಾಕಿ ಕೂರಿಸುವಂಥ ಟರ್ನ್‌ಟೇಬಲ್ ನಿಮ್ಮದಾದರೆ ಇದನ್ನು ಕೊಳ್ಳಲೇಬೇಡಿ. ಪ್ರತಿ ಸಲ ಸೂಜಿಯ ಕೋನ ಅಳೆಯುತ್ತಾ ಕೂತರೆ ಸಂಗೀತ ಕೇಳೋದು ಯಾವಾಗ? ಹಳೆಯ ಕಾಲದ ಕೆಲವು ಮೋನೋ ಕಾರ್ಟ್ರಿಜ್‌ಗಳಲ್ಲಿ ಸೂಜಿ ಮೇಲೆ-ಕೆಳಗೆ ಬಾಗುವುದೇ ಇಲ್ಲ, ಅಂಥದ್ದನ್ನು ಸ್ಟೀರಿಯೋ ರೆಕಾರ್ಡಿನ ಮೇಲೆ ಇಳಿಸಿದರೆ ಗ್ರೂವ್ ಕೆಡುತ್ತದೆ. ಅದನ್ನೂ ವಿಚಾರಿಸಿಕೊಳ್ಳಿ. 78 ಆರ್‌ಪಿಎಂ ತಟ್ಟೆಗಳಿಗಂತೂ ಇದು ಬೇಡವೇ ಬೇಡ, ಅವಕ್ಕೆ ಇದರ ಮೂರು ಪಟ್ಟು ದಪ್ಪದ ತುದಿ ಬೇಕು.

ಅಂಗಡಿಯವರು ಹೇಳದ ಒಂದು ಮಾತು: ನಿಮ್ಮ ಆಂಪ್ಲಿಫೈಯರ್‌ನಲ್ಲಿ ಮೋನೋ ಬಟನ್ ಇದ್ದರೆ ಮೊದಲು ಅದನ್ನು ಒತ್ತಿ ನೋಡಿ. ಎಡ ಬಲ ಎರಡನ್ನೂ ಕೂಡಿಸಿದಾಗ ಮೇಲೆ-ಕೆಳಗಿನ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಚಟಪಟದ ವಿಷಯದಲ್ಲಿ ಬಹುಪಾಲು ಲಾಭ ಅಲ್ಲೇ, ಪುಕ್ಕಟೆಯಾಗಿ ಸಿಗುತ್ತದೆ. ನನ್ನ ಆಂಪ್ಲಿಫೈಯರ್‌ನಲ್ಲಿ ಆ ಬಟನ್ ಇಲ್ಲ. ಗೆಳೆಯರೊಬ್ಬರ ಮನೆಯಲ್ಲಿ ಎರಡನ್ನೂ ಹೋಲಿಸಿ ಕೇಳಿದೆ. ಹೊಸ ಮೋನೋ ಮರುಮುದ್ರಣಗಳಲ್ಲಿ ವ್ಯತ್ಯಾಸ ಕಣ್ಣು ಮುಚ್ಚಿ ಹೇಳೋದು ನನಗೆ ಕಷ್ಟವಾಯಿತು. ನಿಜವಾದ ಹಳೆಯ ಪ್ರೆಸ್ಸಿಂಗ್‌ಗಳಲ್ಲಿ ಕಾರ್ಟ್ರಿಜ್ ಗೆದ್ದಿತು, ಮುಖ್ಯವಾಗಿ ಬೇಸ್‌ನಲ್ಲಿ. ನಿಮ್ಮ ಶೆಲ್ಫಿನಲ್ಲಿ ಮರುಮುದ್ರಣಗಳೇ ಜಾಸ್ತಿ ಇದ್ದರೆ ಬಟನ್ ಸಾಕು. ಅರವತ್ತರ ದಶಕದಲ್ಲಿ ಮೋನೋ ಟೇಪನ್ನು ತಿರುಚಿ ‘ಸ್ಟೀರಿಯೋ’ ಅಂತ ಮಾರಿದ ರೆಕಾರ್ಡುಗಳೂ ನನ್ನಲ್ಲಿ ಒಂದಿಷ್ಟಿವೆ, ಒಂದು ಕಡೆ ಬರೀ ಕೀಚು, ಇನ್ನೊಂದು ಕಡೆ ಬರೀ ಗುಡುಗು. ಈ ಕಾರ್ಟ್ರಿಜ್‌ನಲ್ಲಿ ಅವು ಕೇಳುವಂತಾದವು. ಚೆನ್ನಾದವು ಅಂತ ಹೇಳಲ್ಲ.

ದುಡ್ಡಿನ ಲೆಕ್ಕ. ಬ್ಲೂ ನೋಟ್‌ನ ಮೊದಲ ಪ್ರೆಸ್ಸಿಂಗ್ ಹುಡುಕುವವರಿಗೆ ಗೊತ್ತು, ಲೇಬಲ್ ಪಕ್ಕದಲ್ಲಿ ಕಿವಿಯ ಆಕಾರದ ಚಿಕ್ಕ ಗುರುತು ಇದ್ದರೆ ಬೆಲೆ ಒಮ್ಮೆಲೇ ಏರುತ್ತದೆ. 1966ರವರೆಗೆ ಅವರ ರೆಕಾರ್ಡುಗಳನ್ನು ಒತ್ತಿಕೊಡುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತು ಅದು. ಅಂಥ ಒಂದು ಒಳ್ಳೆ ಪ್ರತಿ ಕೊಳ್ಳುವ ದುಡ್ಡಿಗೆ ಈ ಕಾರ್ಟ್ರಿಜ್ ಬಂದು, ಇನ್ನೂ ಚಿಲ್ಲರೆ ಉಳಿಯುತ್ತದೆ. ಒಂದು ಚಂದದ ಪ್ರತಿ ಬೇಕೋ, ಇರುವ ಅಷ್ಟೂ ಸವೆದ ಪ್ರತಿಗಳು ಕೇಳುವಂತಾಗಬೇಕೋ ಅಂತ ಕೇಳಿದರೆ ನನ್ನ ಉತ್ತರ ಎರಡನೆಯದು. ಈಗ ಅಂಗಡಿಯಲ್ಲಿ ರೆಕಾರ್ಡ್ ಆರಿಸುವ ರೀತಿಯೂ ಬದಲಾಗಿದೆ. ಮೇಲ್ಮೈ ಮಂಕಾಗಿದ್ದರೂ ಆಳವಾದ ಗೀರಿಲ್ಲದ ಮೋನೋ ಪ್ರತಿ ಕಂಡರೆ ಧೈರ್ಯವಾಗಿ ಎತ್ತಿಕೊಳ್ಳುತ್ತೇನೆ.

ಉಳಿದಿರುವುದು ಸೂಜಿಯ ಚಿಂತೆ. ಮೂವಿಂಗ್ ಕಾಯಿಲ್‌ನಲ್ಲಿ ಸೂಜಿ ಮಾತ್ರ ಬದಲಾಯಿಸಲು ಬರಲ್ಲ. ವಜ್ರ ಸವೆದರೆ ಇಡೀ ಕಾರ್ಟ್ರಿಜ್ ಹೋದಂತೆ, ಇಲ್ಲವೇ ಹೊಸ ತುದಿ ಕೂರಿಸುವವರಿಗೆ ಕಳಿಸಿ ಕಾಯಬೇಕು. ನನ್ನದರಲ್ಲಿ ಸೈಡಿನ ಕೊನೆಯ ಹಾಡಿಗೆ ಬರುವಾಗ ಟ್ರಂಪೆಟ್‌ನ ಮೇಲಿನ ಸ್ವರಗಳು ಸ್ವಲ್ಪ ಸೀಳಲು ಶುರುವಾಗಿವೆ. ಮುಂದಿನದು ಮೂವಿಂಗ್ ಮ್ಯಾಗ್ನೆಟ್ (ಸುರುಳಿಯ ಬದಲು ಅಯಸ್ಕಾಂತ ಅಲುಗುವ) ಮೋನೋ ತೆಗೆದುಕೊಳ್ಳುತ್ತೇನೆ, ಅದರಲ್ಲಿ ಸೂಜಿಯನ್ನಷ್ಟೇ ಎಳೆದು ಹೊಸದು ಹಾಕಬಹುದು, ಫೋನೋ ಸ್ಟೇಜ್ ಕೂಡ ಅಷ್ಟು ಕಷ್ಟಪಡಬೇಕಿಲ್ಲ. ಐದಕ್ಕೆ ನಾಲ್ಕು ಅಂಕ. ಹೋದ ಒಂದು ಅಂಕ ಪೂರ್ತಿ ಆ ಪುಸ್ತಕದ ಲೆಕ್ಕಕ್ಕೆ.