ಬಸ್ರಾದ ಕಲ್ಲು, ಜಾಲತಾಣದ ಪುಟ: ಯುದ್ಧ ಸಮಾಧಿ ಆಯೋಗದ ಹುಡುಕಾಟ ಸೇವೆಯ ಬಗ್ಗೆ

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಭಾರತದ ಸೈನ್ಯಕ್ಕಾಗಿ ದುಡಿದ 13 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಸುಮಾರು 74,000 ಮಂದಿ ಊರಿಗೆ ಮರಳಲಿಲ್ಲ. ಅವರಲ್ಲಿ ಒಬ್ಬರ ಹೆಸರನ್ನಾದರೂ ಪತ್ತೆ ಮಾಡಬೇಕೆಂದು ಹೊರಟವರು ಮೊದಲು ಬಾಗಿಲು ತಟ್ಟಬೇಕಾದದ್ದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣವನ್ನು. 1917ರಲ್ಲಿ ಸಾಮ್ರಾಜ್ಯದ ಆಯೋಗವಾಗಿ ಹುಟ್ಟಿ 1960ರಲ್ಲಿ ಈಗಿನ ಹೆಸರು ಪಡೆದ ಈ ಸಂಸ್ಥೆಯನ್ನು ಆರು ದೇಶಗಳ ಸರ್ಕಾರಗಳು ಸೇರಿ ನಡೆಸುತ್ತವೆ. ಭಾರತವೂ ಅವುಗಳಲ್ಲಿ ಒಂದು. ಎರಡೂ ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಮಂದಿಯ ದಾಖಲೆಗಳನ್ನು ಯಾರು ಬೇಕಾದರೂ ಹಣ ಕೊಡದೆ ಹುಡುಕಬಹುದು. ಇದೇ ವಿವರಗಳನ್ನು ನಕಲು ಮಾಡಿ ಚಂದಾ ಕೇಳುವ ವಂಶಾವಳಿ ತಾಣಗಳೂ ಇರುವುದರಿಂದ ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೆಸರಿನಿಂದ ಹುಡುಕುವುದು ಇಂಗ್ಲಿಷರಿಗೆ ಸುಲಭ; ನಮ್ಮವರಿಗೆ ಅದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮನೆತನದ ಹೆಸರಿಲ್ಲದ ಸಿಪಾಯಿಯನ್ನು ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದಾರೆ. ನಮ್ಮ ಜಿಲ್ಲೆಗಳವರನ್ನು ಹುಡುಕುವಾಗ ನಾನು ಬಳಸುವುದು ವಿಸ್ತೃತ ಹುಡುಕಾಟದಲ್ಲಿರುವ ‘ಹೆಚ್ಚುವರಿ ಮಾಹಿತಿ’ ಎಂಬ ಖಾನೆಯನ್ನು. ಭಾರತೀಯ ಸಿಪಾಯಿಯ ದಾಖಲೆಯಲ್ಲಿ, ಅದೃಷ್ಟವಿದ್ದರೆ, ಇಂಥವನ ಮಗ, ಇಂಥ ಹಳ್ಳಿ, ಇಂಥ ತಾಲ್ಲೂಕು, ಇಂಥ ಜಿಲ್ಲೆ, ಮುಂಬೈ ಪ್ರಾಂತ್ಯ ಎಂಬ ಒಂದು ಸಾಲು ಇರುತ್ತದೆ. ಆ ಸಾಲನ್ನು ಹಿಡಿಯಬೇಕಾದರೆ ಊರುಗಳನ್ನು ನೂರು ವರ್ಷದ ಹಿಂದಿನ ಇಂಗ್ಲಿಷ್ ರೂಪದಲ್ಲೇ ಬರೆಯಬೇಕು. ಬೆಳಗಾವಿಗೆ ಬೆಲ್‌ಗಾಂ, ಧಾರವಾಡಕ್ಕೆ ಧಾರ್ವಾರ್, ವಿಜಯಪುರಕ್ಕೆ ಬಿಜಾಪುರ್ ಎಂದು ಹಾಕಿ ನೋಡಬೇಕು. ಮರಾಠಾ ಪಲ್ಟಣಗಳನ್ನು ಹುಡುಕುವವರು ನಡುವೆ ‘ಎಚ್’ ಸೇರಿಸಿ, ‘ಟಿ’ ಅಕ್ಷರವನ್ನು ಎರಡು ಸಲ ಒತ್ತುವುದನ್ನು (Mahratta) ಮರೆಯಬಾರದು. ದರ್ಜೆಯ ಜಾಗದಲ್ಲಿ ‘ಡ್ರೈವರ್’ ಎಂದು ಕಂಡರೆ ಮೋಟಾರು ಓಡಿಸುವವನೆಂದು ತಿಳಿಯಬೇಕಾಗಿಲ್ಲ. ಹೆಚ್ಚಿನವರು ಹೇಸರಗತ್ತೆಗಳನ್ನು ನಡೆಸುತ್ತಿದ್ದವರು. ‘ಫಾಲೋವರ್’ ಎಂದಿದ್ದರೆ ಅಡುಗೆಯವನು, ನೀರು ಹೊರುವ ಭಿಸ್ತಿ, ಜಾಡಮಾಲಿ, ಹೀಗೆ ಬಂದೂಕು ಹಿಡಿಯದೆ ಸೈನ್ಯದೊಡನೆ ಹೋಗಿ ಸತ್ತವನು. ಸಿಕ್ಕ ಪಟ್ಟಿಯನ್ನು ಕೋಷ್ಟಕವಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ. ಒಂದು ತಾಲ್ಲೂಕಿನ ಹೆಸರುಗಳನ್ನು ಹಳ್ಳಿವಾರು ಜೋಡಿಸಲು ಹೊರಟವರಿಗೆ ಈ ಒಂದು ಸೌಲಭ್ಯವೇ ಸಾಕು.

ಇಷ್ಟು ಕೆಲಸ ಮಾಡಿಕೊಡುವ ಸೇವೆಯ ಬಗ್ಗೆ ನನಗಿರುವ ಆಕ್ಷೇಪ ಅದರ ವಿನ್ಯಾಸಕ್ಕೆ ಸಂಬಂಧಿಸಿದ್ದಲ್ಲ. ಪರದೆಯ ಮೇಲೆ ಲಂಡನ್ನಿನ ಕರ್ನಲ್‌ಗೂ ಬೆಳಗಾವಿ ಕಡೆಯ ಸಿಪಾಯಿಗೂ ಒಂದೇ ಅಳತೆಯ ಪುಟ, ಒಂದೇ ಅಕ್ಷರ, ಒಂದೇ ಗೌರವದ ಒಕ್ಕಣೆ ಸಿಗುತ್ತದೆ. ನೆಲದ ಮೇಲೆ ಹಾಗಿರಲಿಲ್ಲ ಎಂಬುದು ಆ ಪುಟದಿಂದ ತಿಳಿಯುವುದಿಲ್ಲ.

ಬಸ್ರಾವನ್ನೇ ತೆಗೆದುಕೊಳ್ಳೋಣ. ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕಿನ, ಯುದ್ಧ ನಮ್ಮ ಉತ್ತರ ಜಿಲ್ಲೆಗಳಿಗೆ ಹತ್ತಿರದ್ದು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಕೂಟ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಕಂಗೆಟ್ಟು, ಕೊನೆಗೆ ಶರಣಾದ ಜನರಲ್ ಟೌನ್‌ಶೆಂಡ್‌ನ ಪಡೆಯಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳಿದ್ದವು. ಬೆಳಗಾವಿ ಸೀಮೆಯವರೂ ಈ ಮರಾಠಾ ಪಲ್ಟಣಗಳಿಗೆ ಸೇರುತ್ತಿದ್ದರು. ಸೆರೆಯಾಗಿ ಮರುಭೂಮಿಯಲ್ಲಿ ನಡೆಸಲ್ಪಟ್ಟವರಲ್ಲಿ ಎಷ್ಟೋ ಜನ ದಾರಿಯಲ್ಲೇ ಸತ್ತರು. ಈ ರಣರಂಗದಲ್ಲಿ ಸತ್ತು, ಸಮಾಧಿಯ ಗುರುತಿಲ್ಲದ 40,500ಕ್ಕೂ ಹೆಚ್ಚು ಮಂದಿಗಾಗಿ ಕಟ್ಟಿದ ಬಸ್ರಾ ಸ್ಮಾರಕ 1929ರಲ್ಲಿ ಅನಾವರಣಗೊಂಡಿತು. ಅಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಸಾಮಾನ್ಯ ಸೈನಿಕನವರೆಗೂ ಕೆತ್ತಲಾಗಿದೆ. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು. ಉಳಿದವರಿಗೆ ಪಲ್ಟಣದ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆ. ಜಾಲತಾಣದಲ್ಲಿ ಸಿಪಾಯಿಯೊಬ್ಬನ ಪುಟ ತೆರೆದು ‘ಬಸ್ರಾ ಸ್ಮಾರಕ’ ಎಂದು ಓದಿದ ಮೊಮ್ಮಗ, ಅಜ್ಜನ ಹೆಸರು ಇರಾಕಿನ ಕಲ್ಲಿನ ಮೇಲಿದೆ ಎಂದೇ ನಂಬುತ್ತಾನೆ. ಹೋಗಿ ನೋಡೋಣವೆಂದರೂ ಕಷ್ಟ: 1997ರಲ್ಲಿ ಇರಾಕ್ ಅಧ್ಯಕ್ಷರ ಆಜ್ಞೆಯಂತೆ ಸ್ಮಾರಕವನ್ನೇ ಎತ್ತಿ, ಬಸ್ರಾದಿಂದ ನಾಸಿರಿಯಾಗೆ ಹೋಗುವ ರಸ್ತೆಯಲ್ಲಿ 32 ಕಿಲೋಮೀಟರ್ ದೂರದಲ್ಲಿ ಮರಳಿ ಕಟ್ಟಲಾಯಿತು.

ಇದಕ್ಕೆ ಎದುರಾಗಿ ಫ್ರಾನ್ಸಿನ ನವ್ ಶಪೆಲ್‌ನಲ್ಲಿರುವ, 1927ರಲ್ಲಿ ಅನಾವರಣಗೊಂಡ ಭಾರತೀಯ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಸೈನಿಕರ ಮತ್ತು ಕೂಲಿಗಳ ಹೆಸರುಗಳು ಕಲ್ಲಿನಲ್ಲೇ ಇವೆ. ಯುರೋಪಿನಲ್ಲಿ ಸತ್ತ ಸಿಪಾಯಿ ಹೆಸರಿಗೆ ಅರ್ಹನಾದ. ಟೈಗ್ರಿಸ್ ದಂಡೆಯಲ್ಲಿ ಸತ್ತವನು ಲೆಕ್ಕದ ಅಂಕಿಯಾದ. ಎಲ್ಲರಿಗೂ ಸಮಾನ ಸ್ಮರಣೆ ಎಂಬ ತತ್ವದ ಮೇಲೆ ನಿಂತ ಸಂಸ್ಥೆ ಹೀಗೆ ನಡೆದುಕೊಂಡದ್ದನ್ನು ಅದೇ ನೇಮಿಸಿದ ವಿಶೇಷ ಸಮಿತಿ 2021ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಆ ವರದಿಯ ಪ್ರಕಾರ 45,000ದಿಂದ 54,000 ಮಂದಿಯನ್ನು, ಮುಖ್ಯವಾಗಿ ಭಾರತ, ಆಫ್ರಿಕಾ ಮತ್ತು ಈಜಿಪ್ಟಿನವರನ್ನು, ಅಸಮಾನವಾಗಿ ಸ್ಮರಿಸಲಾಗಿದೆ. ಕನಿಷ್ಠ 1,16,000 ಮಂದಿಯನ್ನು, ಬಹುಶಃ 3,50,000ದವರೆಗೂ, ಹೆಸರಿಟ್ಟು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ. ಆಯೋಗ ಕ್ಷಮೆ ಕೇಳಿತು, ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಕ್ಷಮೆಯಿಂದ ಹುಡುಕುವವನಿಗೆ ಆಗಬೇಕಾದ ಲಾಭವೆಂದರೆ ಆಯಾ ಸಿಪಾಯಿಯ ಪುಟದಲ್ಲೇ ಈ ಕಥೆಯ ಎರಡು ಸಾಲು ಇರುವುದು. ತಪ್ಪನ್ನು ತಿದ್ದಲು ಆಗದ ಕೆಲಸವೇನಲ್ಲ. ಇಂಗ್ಲೆಂಡಿನ ಬ್ರೈಟನ್ ಬಳಿ ದಹನವಾದ 53 ಹಿಂದೂ ಮತ್ತು ಸಿಖ್ ಸೈನಿಕರ ನೆನಪಿಗೆ 1921ರಲ್ಲಿ ಛತ್ರಿ ಎಂಬ ಗುಮ್ಮಟದ ಸ್ಮಾರಕವೊಂದನ್ನು ಕಟ್ಟಿದ್ದರು. ಅವರ ಹೆಸರುಗಳನ್ನು ಕೆತ್ತಿದ ಕಲ್ಲನ್ನು ಆಯೋಗ ಅಲ್ಲಿ ನಿಲ್ಲಿಸಿದ್ದು 2010ರಲ್ಲಿ.

ಪಂಜಾಬಿನ ಹೆಸರುಗಳು ಪುಟಗಟ್ಟಲೆ ಬರುವಾಗ ಕನ್ನಡ ಜಿಲ್ಲೆಗಳ ಹೆಸರುಗಳು ಏಕೆ ವಿರಳ ಎಂದು ಕೆಲವರಿಗೆ ಅನ್ನಿಸಬಹುದು. ಅದು ಹುಡುಕಾಟದ ದೋಷವಲ್ಲ. ಬ್ರಿಟಿಷ್ ಸೇನಾನಿ ಲಾರ್ಡ್ ರಾಬರ್ಟ್ಸ್ ಮುಂತಾದವರು ಬೆಳೆಸಿದ, ಕೆಲವು ಜನಾಂಗಗಳಷ್ಟೇ ಯುದ್ಧಕ್ಕೆ ಯೋಗ್ಯ ಎನ್ನುವ ‘ಯೋಧ ಜನಾಂಗ’ಗಳ ವಾದದಿಂದ ದಕ್ಷಿಣದವರ ನೇಮಕಾತಿ ಕುಗ್ಗಿತ್ತು, 71ನೆಯ ಕೂರ್ಗ್ ರೈಫಲ್ಸ್ ಅನ್ನು 1904ರಲ್ಲೇ ವಿಸರ್ಜಿಸಿದ್ದರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ದಳ ಉಳಿದುಕೊಂಡಿತು, ಆದ್ದರಿಂದ ಆ ದಳದ ಹೆಸರು ಹಾಕಿಯೂ ಹುಡುಕಬೇಕು. ಮೈಸೂರು ಲ್ಯಾನ್ಸರ್ಸ್ ವಿಷಯ ಬೇರೆ. ಮಹಾರಾಜರ ಖರ್ಚಿನಲ್ಲಿ ನಿಂತ ಆ ಅಶ್ವದಳ ಜೋಧಪುರದವರೊಂದಿಗೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾವನ್ನು ಗೆದ್ದಿತು. ಅದರ ಮೃತರನ್ನು ಹುಡುಕುವವರು ಜಾಲತಾಣದ ಪಟ್ಟಿಯನ್ನು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಲ್ಯಾನ್ಸರ್ಸ್ ಸ್ಮಾರಕದೊಂದಿಗೆ ಹೋಲಿಸಿ ನೋಡಲಿ. ಕಲ್ಲನ್ನೂ ಪುಟವನ್ನೂ ಒಟ್ಟಿಗೆ ಓದಲು ನಮ್ಮೂರಲ್ಲೇ ಸಿಗುವ ಅವಕಾಶವದು.

ಇನ್ನೊಂದು ಮಿತಿಯನ್ನು ತಿಳಿದು ಬಳಸುವುದು ಒಳ್ಳೆಯದು. ಇದು ಸತ್ತವರ ದಾಖಲೆ, ಅದೂ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸತ್ತವರದ್ದು. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಖುದಾದಾದ್ ಖಾನ್ ಬದುಕಿ ಊರಿಗೆ ಮರಳಿದ ಕಾರಣ ಅವರೂ ಇದರಲ್ಲಿ ಸಿಗುವುದಿಲ್ಲ. ಮರಳಿ ಬಂದ ಮುತ್ತಜ್ಜನನ್ನು ಹುಡುಕುತ್ತಿರುವವರು ಜಾಲತಾಣಕ್ಕಿಂತ ಮೊದಲು ಮನೆಯ ಪೆಟ್ಟಿಗೆಯನ್ನು ತೆರೆಯಬೇಕು. ಅಲ್ಲಿ ಹಳೆಯ ಯುದ್ಧ ಪದಕವಿದ್ದರೆ ಅದರ ಮುಖವನ್ನು ಬಿಟ್ಟು ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ: ಸೈನಿಕ ಸಂಖ್ಯೆ, ದರ್ಜೆ, ಹೆಸರು, ಪಲ್ಟಣ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕ ಬೆಳ್ಳಿಯದಾಗಿದ್ದರೆ ಆತ ಸೈನಿಕ, ಕಂಚಿನದಾಗಿದ್ದರೆ ಬಹುತೇಕ ಲೇಬರ್ ಕೋರ್ ಎಂಬ ಕೂಲಿ ದಳದವನೋ ಫಾಲೋವರೋ ಆಗಿದ್ದವನು. ಆ ಸಂಖ್ಯೆ ಮತ್ತು ಪಲ್ಟಣದ ಹೆಸರು ಕೈಗೆ ಬಂದ ಮೇಲೆ ಬೆಳಗಾವಿಯ ಮರಾಠಾ ರೆಜಿಮೆಂಟಲ್ ಕೇಂದ್ರಕ್ಕೋ ಬೆಂಗಳೂರಿನ ಸ್ಯಾಪರ್ಸ್ ಕೇಂದ್ರಕ್ಕೋ ಪತ್ರ ಬರೆದು ವಿಚಾರಿಸಬಹುದು.