ಇಲ್ಮ್ಯಾಟಿಕ್, ಬಟರ್‌ಫ್ಲೈ, ಆಸಿಡ್ ರ‍್ಯಾಪ್: ದುಡ್ಡು ಕೊಟ್ಟು ಮನೆಗೆ ತರೋದು ಯಾವುದನ್ನ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಮೆರಿಕದ ರ‍್ಯಾಪರ್ ನಾಸ್‌ನ ಆಲ್ಬಮ್ 'ಇಲ್ಮ್ಯಾಟಿಕ್'ಗೆ. ಹಿಪ್-ಹಾಪ್ (ರ‍್ಯಾಪ್ ಸಂಗೀತದ) ವಿನೈಲ್ ರೆಕಾರ್ಡ್‌ಗಳಿಗೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಮೂರನ್ನು ತರಿಸಿದೆ. ಇಲ್ಮ್ಯಾಟಿಕ್, ಕೆಂಡ್ರಿಕ್ ಲಮಾರ್‌ನ 'ಟು ಪಿಂಪ್ ಎ ಬಟರ್‌ಫ್ಲೈ', ಚಾನ್ಸ್ ದ ರ‍್ಯಾಪರ್‌ನ ಮಿಕ್ಸ್‌ಟೇಪ್ (ರ‍್ಯಾಪರ್‌ಗಳು ಸಾಮಾನ್ಯವಾಗಿ ಪುಕ್ಕಟೆ ಹಂಚುವ ಹಾಡುಗಳ ಕಟ್ಟು) 'ಆಸಿಡ್ ರ‍್ಯಾಪ್'. ಮೂರನ್ನೂ ಫೋನಿನಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ, ಮೂರೂ ಇಷ್ಟ. ಆದರೆ ಇಷ್ಟಪಟ್ಟು ಕೇಳೋದು ಬೇರೆ, ದುಡ್ಡು ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳೋದು ಬೇರೆ. ಈಗ ಮೊದಲನೆಯದು ಮೇಲಿಂದ ಮೇಲೆ ತಿರುಗುತ್ತಿದೆ. ಎರಡನೆಯದು ಭಾನುವಾರಕ್ಕೆ ಕಾಯುತ್ತದೆ. ಮೂರನೆಯದನ್ನು ವಾಪಸ್ ಕಳಿಸಿದ್ದೇನೆ.

ಇಲ್ಮ್ಯಾಟಿಕ್ ಬಂದಿದ್ದು 1994ರ ಏಪ್ರಿಲ್‌ನಲ್ಲಿ. ನಾಸ್‌ಗೆ ಆಗ 20 ವರ್ಷ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್‌ನಲ್ಲಿ, ಸರ್ಕಾರ ಕಟ್ಟಿಸಿದ ಮನೆಗಳ ಸಾಲಿನಲ್ಲಿ ಬೆಳೆದ ಹುಡುಗ. ಒಟ್ಟು 10 ಟ್ರ್ಯಾಕ್, ಅದರಲ್ಲಿ ಒಂದು ಬರೀ ಪೀಠಿಕೆ. 40 ನಿಮಿಷದೊಳಗೆ ಎಲ್ಲಾ ಮುಗಿಯುತ್ತದೆ. ನಾನು ಕೇಳೋದು ಕೆಲಸದಿಂದ ಬಂದ ಮೇಲೆ, ರಾತ್ರಿ ಊಟಕ್ಕೆ ಮುಂಚೆ. ನನಗೆ ಸಿಗೋದೂ ಅಷ್ಟೇ ಹೊತ್ತು. ಒಂದು ಸಲ ಎದ್ದು ರೆಕಾರ್ಡ್ ತಿರುಗಿಸಿದರೆ ಸಾಕು, ಪೂರ್ತಿ ಆಲ್ಬಮ್ ಕೇಳಿದ ಹಾಗಾಯ್ತು. ಒಂದು ಹಾಡನ್ನೂ ದಾಟಿಸಿ ಮುಂದೆ ಹೋಗಬೇಕು ಅನ್ನಿಸುವುದಿಲ್ಲ.

ಆ ಕಾಲದಲ್ಲಿ ಒಂದು ಆಲ್ಬಮ್‌ಗೆ ಒಬ್ಬ ಪ್ರೊಡ್ಯೂಸರ್ (ಹಾಡಿನ ಸಂಗೀತ ಕಟ್ಟುವವನು), ಇಲ್ಲವೇ ಒಂದೇ ತಂಡ ಅನ್ನೋದು ರೂಢಿ. ಇಲ್ಲಿ ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್, ಎಲ್.ಇ.ಎಸ್. ಎಲ್ಲರೂ ಒಬ್ಬ ಹೊಸ ಹುಡುಗನಿಗಾಗಿ ಕೈ ಹಾಕಿದ್ದಾರೆ. ಇಷ್ಟು ಜನ ಸೇರಿದರೆ ಆಲ್ಬಮ್ ಚೂರುಚೂರಾಗಬೇಕಿತ್ತು. ಆಗಿಲ್ಲ. ಯಾಕಂದರೆ ಎಲ್ಲರೂ ಹಳೇ ಜಾಝ್, ಸೋಲ್ ರೆಕಾರ್ಡ್‌ಗಳಿಂದ ಒಂದೇ ಬಣ್ಣದ ತುಂಡುಗಳನ್ನು ಆರಿಸಿ ತಂದಿದ್ದಾರೆ. 'ಎನ್.ವೈ. ಸ್ಟೇಟ್ ಆಫ್ ಮೈಂಡ್' ಹಾಡಿನ ಪಿಯಾನೋ ಜೋ ಚೇಂಬರ್ಸ್‌ದು. 'ದ ವರ್ಲ್ಡ್ ಈಸ್ ಯುವರ್ಸ್' ಹಾಡಿನ ಪಿಯಾನೋ ಅಹ್ಮದ್ ಜಮಾಲ್‌ದು. ಎರಡೂ ಪಿಯಾನೋನೇ. ಮೊದಲನೆಯದರಲ್ಲಿ ಕತ್ತಲೆ ಓಣಿ ಕಾಣುತ್ತದೆ, ಎರಡನೆಯದರಲ್ಲಿ ಸಂಜೆ ಬಿಸಿಲು.

ಒಂದು ಸಣ್ಣ ಜಾಗ ಹೇಳಲೇಬೇಕು. 'ಎನ್.ವೈ. ಸ್ಟೇಟ್ ಆಫ್ ಮೈಂಡ್' ಶುರುವಿನಲ್ಲಿ, ಬೀಟ್ (ಹಿಂದಿನ ಸಂಗೀತ) ಓಡುತ್ತಿರುವಾಗ, ನಾಸ್ ಹೇಗೆ ಶುರು ಮಾಡೋದೋ ಗೊತ್ತಿಲ್ಲ ಅಂತ ತನ್ನಷ್ಟಕ್ಕೆ ಗೊಣಗುತ್ತಾನೆ. ಆಮೇಲೆ ಒಳಗೆ ನುಗ್ಗಿದವನು ಉಸಿರು ಬಿಡೋಕೆ ಜಾಗವಿಲ್ಲದ ಹಾಗೆ ಸಾಲಿನ ಮೇಲೆ ಸಾಲು ಪೋಣಿಸುತ್ತಾನೆ. ಬಸ್ಸಿನ ಗದ್ದಲದಲ್ಲಿ ಇಯರ್‌ಫೋನ್ ಹಾಕಿ ಕೇಳುವಾಗ ಆ ಗೊಣಗಾಟ ನನ್ನ ಕಿವಿಗೇ ಬಿದ್ದಿರಲಿಲ್ಲ. ಹಾಗೇ 'ಲೈಫ್ಸ್ ಎ ಬಿಚ್' ಕೊನೆಯಲ್ಲಿ ಬರುವ ಕಾರ್ನೆಟ್ ಅನ್ನೋ ತುತ್ತೂರಿ. ಅದನ್ನು ನುಡಿಸಿರುವುದು ನಾಸ್‌ನ ಅಪ್ಪ ಓಲು ದಾರಾ. ಬದುಕು ಇಷ್ಟೇ ಅಂತ ಇಬ್ಬರು ಹುಡುಗರು ಹಾಡಿ ಮುಗಿಸಿದ ಮೇಲೆ ಅಪ್ಪ ಬಂದು ಮಾತಿಲ್ಲದೆ ಸಮಾಧಾನ ಮಾಡಿದ ಹಾಗಿದೆ.

'ಒನ್ ಲವ್' ಪೂರ್ತಿ ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದ. ಊರಿನ ಸುದ್ದಿ, ಮಗುವಿನ ಸುದ್ದಿ, ಯಾರು ಯಾರಿಗೆ ಎದುರಾದರು ಅನ್ನೋದು. ಕೊನೆಯಲ್ಲಿ ಕಾಗದ ನಿಲ್ಲುತ್ತದೆ, ನಾಸ್ ಬೀದಿಯಲ್ಲಿ 12 ವರ್ಷದ ಒಬ್ಬ ಹುಡುಗನ ಜೊತೆ ಕೂತು ಮಾತಾಡುತ್ತಾನೆ. ಮುಂದಿನ ಕಾಗದ ಯಾರ ಹೆಸರಿಗೆ ಹೋಗುತ್ತದೆ ಅಂತ ಅಲ್ಲೇ ಗೊತ್ತಾಗಿ ಹೊಟ್ಟೆ ಕಿವುಚುತ್ತದೆ. ಈ ಭಾಗ ಪೂರ್ತಿ ಅರ್ಥವಾಗೋಕೆ ನನಗೆ ಸಾಹಿತ್ಯ ಎದುರಿಗೆ ಇಟ್ಟುಕೊಂಡು ಕೂರಬೇಕಾಯ್ತು. ಕ್ವೀನ್ಸ್‌ಬ್ರಿಡ್ಜ್ ಬೀದಿಯ ಮಾತು ನಮಗೆ ಸುಲಭಕ್ಕೆ ಹತ್ತುವುದಿಲ್ಲ. ಕೂತು ಬಿಡಿಸಿದ ಶ್ರಮಕ್ಕೆ ಮಾತ್ರ ಮೋಸವಿಲ್ಲ.

ಇನ್ನು ಬಟರ್‌ಫ್ಲೈ. 2015ರ ಮಾರ್ಚ್, 16 ಟ್ರ್ಯಾಕ್, ಸುಮಾರು 79 ನಿಮಿಷ. ಕೆಲಸದ ದೊಡ್ಡತನದಲ್ಲಿ ಇದು ಇಲ್ಮ್ಯಾಟಿಕ್‌ಗಿಂತ ಒಂದು ಕೈ ಮೇಲೆ, ಅದನ್ನು ಒಪ್ಪುತ್ತೇನೆ. ಥಂಡರ್‌ಕ್ಯಾಟ್‌ನ ಬಾಸ್, ಕಮಾಸಿ ವಾಷಿಂಗ್ಟನ್‌ನ ಸ್ಯಾಕ್ಸೊಫೋನ್, ರಾಬರ್ಟ್ ಗ್ಲಾಸ್ಪರ್‌ನ ಕೀಬೋರ್ಡ್ ಎಲ್ಲಾ ರೆಕಾರ್ಡ್‌ನಲ್ಲಿ ಕೋಣೆ ತುಂಬ ಹರಡುತ್ತವೆ. 'ಆಲ್ರೈಟ್' ಹಾಡನ್ನು ಅಮೆರಿಕದ ಪ್ರತಿಭಟನೆಗಳಲ್ಲಿ ಜನ ಘೋಷಣೆ ಥರ ಕೂಗಿದರು. ಅದನ್ನು ಕೇಳುವಾಗ ಯಾಕೆ ಅಂತ ಯಾರೂ ವಿವರಿಸಬೇಕಿಲ್ಲ.

ತೊಂದರೆ ಅದರ ಕಟ್ಟಡದಲ್ಲೇ ಇದೆ. ಹಾಡುಗಳ ನಡುವೆ ಕೆಂಡ್ರಿಕ್ ಒಂದು ಕವಿತೆ ಓದುತ್ತಾ ಹೋಗುತ್ತಾನೆ. ಪ್ರತಿ ಸಲ ಅದು ಸ್ವಲ್ಪ ಬೆಳೆಯುತ್ತದೆ. ಕೊನೆಯ ಟ್ರ್ಯಾಕ್‌ನಲ್ಲಿ ಅದು ಪೂರ್ತಿಯಾಗುತ್ತದೆ, ಅಷ್ಟೊತ್ತೂ ಅವನು ಅದನ್ನು ಯಾರಿಗೆ ಓದುತ್ತಿದ್ದ ಅನ್ನೋದು ಗೊತ್ತಾಗುತ್ತದೆ: ತೀರಿಹೋದ ರ‍್ಯಾಪರ್ ಟುಪಾಕ್‌ಗೆ. ಟುಪಾಕ್‌ನ ಹಳೇ ಸಂದರ್ಶನದ ದನಿ ಉತ್ತರ ಕೊಡುತ್ತದೆ. ಇದನ್ನು ಅರ್ಧ ಕೇಳಿ ಬಿಡೋಕಾಗಲ್ಲ. ಎರಡು ರೆಕಾರ್ಡ್, ನಾಲ್ಕು ಮಗ್ಗುಲು. ಬೆಲೆಯೂ ಒಂಟಿ ರೆಕಾರ್ಡ್‌ಗಿಂತ ಎಷ್ಟೋ ಜಾಸ್ತಿ. ಬಿಡುವಿರುವ ಭಾನುವಾರ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೇದು ನನ್ನ ಹತ್ತಿರ ಇಲ್ಲ. ಅಂಥ ಭಾನುವಾರಗಳು ಮಾತ್ರ ಕಡಿಮೆ.

ಈಗ ಆಸಿಡ್ ರ‍್ಯಾಪ್ ಕಥೆ. ಸಂಗೀತದ ಬಗ್ಗೆ ನನ್ನದು ಒಂದೂ ತಕರಾರಿಲ್ಲ. 2013ರ ಏಪ್ರಿಲ್ 30ರಂದು ಶಿಕಾಗೋದ ಚಾನ್ಸ್ ಇದನ್ನು ಪುಕ್ಕಟೆಯಾಗಿ ಬಿಟ್ಟ. ರೆಕಾರ್ಡ್ ಕಂಪನಿ ಇಲ್ಲ, ಬೆಲೆ ಇಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಪುಕ್ಕಟೆ ಹಂಚುವ ಮಿಕ್ಸ್‌ಟೇಪ್‌ಗಳಲ್ಲಿ ಸ್ಯಾಂಪಲ್‌ಗಳಿಗೆ (ಬೇರೆಯವರ ಹಾಡಿನಿಂದ ತಂದ ತುಂಡುಗಳಿಗೆ) ಅನುಮತಿ ತೆಗೆದುಕೊಳ್ಳುವುದು ಅಪರೂಪ. ಆ ಸ್ವಾತಂತ್ರ್ಯದಿಂದಲೇ ಅವು ಅಷ್ಟು ಚೆನ್ನಾಗಿರುತ್ತವೆ, ಅದರಿಂದಲೇ ಆಮೇಲೆ ಪೇಚು.

'ಜ್ಯೂಸ್' ಅನ್ನೋ ಹಾಡು ನೋಡಿ. ಗಾಯಕ ಡಾನಿ ಹಾಥವೇ ವೇದಿಕೆಯಲ್ಲಿ ಹಾಡಿದ 'ಜೆಲಸ್ ಗೈ' ಅದರ ಬೆನ್ನೆಲುಬು. ಮೂಲ ಹಾಡು ಜಾನ್ ಲೆನನ್‌ದು. 2019ರಲ್ಲಿ ಮಿಕ್ಸ್‌ಟೇಪ್ ಸ್ಟ್ರೀಮಿಂಗ್‌ಗೆ ಬಂತು ಅಂತ ಖುಷಿಯಿಂದ ಹಾಕಿದರೆ, ಜ್ಯೂಸ್ ಜಾಗದಲ್ಲಿ ಅರ್ಧ ನಿಮಿಷದ ಒಂದು ಮಾತಿತ್ತು. ಸ್ಯಾಂಪಲ್‌ಗೆ ಅನುಮತಿ ಸಿಗಲಿಲ್ಲ, ಇದನ್ನು ಕೇಳಿದರೆ ಬರುವ ದುಡ್ಡು ಶಿಕಾಗೋದ ಮಕ್ಕಳಿಗೆ ಹೋಗುತ್ತದೆ ಅಂತ ಚಾನ್ಸೇ ಹೇಳುತ್ತಿದ್ದ. ಒಳ್ಳೇ ಕೆಲಸವೇ. ಆದರೆ ನನ್ನ ಹಾಡು ಎಲ್ಲಿ? ಮಧ್ಯೆ ಒಂದು ಹಲ್ಲು ಬಿದ್ದ ಹಾಗೆ, ಪ್ರತಿ ಸಲ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಜ್ಯೂಸ್ ಇರುವ ರೆಕಾರ್ಡ್ ಬೇಕು ಅಂತಲೇ ಆನ್‌ಲೈನ್‌ನಲ್ಲಿ ಹುಡುಕಿ ತರಿಸಿದೆ. ಮಾರುವವರು ಅಸಲಿ ಅಂತ ಹಾಕಿದ್ದರು. ಬಿಚ್ಚಿ ನೋಡಿದರೆ ಕವರ್ ಚಿತ್ರದಲ್ಲಿ ಚಾನ್ಸ್‌ನ ಮುಖ ಮಸುಕು, ಸಣ್ಣ ಚಿತ್ರವನ್ನು ಎಳೆದು ದೊಡ್ಡದು ಮಾಡಿದ ಹಾಗೆ. ಕವರಿನ ಬೆನ್ನಿನ ಮೇಲೆ ಒಂದಕ್ಷರ ಇಲ್ಲ. ರೆಕಾರ್ಡ್‌ನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವೆ ನುಣ್ಣನೆಯ ಜಾಗ ಇರುತ್ತಲ್ವಾ, ಅಲ್ಲಿ ಕೊರೆದ ನಂಬರ್ ಇರಬೇಕು. ದೀಪದ ಕೆಳಗೆ ಓರೆ ಮಾಡಿ ನೋಡಿದೆ, ಖಾಲಿ. ಮುಳ್ಳು ಇಟ್ಟರೆ ಜ್ಯೂಸ್ ಏನೋ ಇತ್ತು, ಆದರೆ ಪ್ರತಿ 'ಸ' ಕಾರವೂ ಕಾದ ಎಣ್ಣೆಗೆ ನೀರು ಬಿದ್ದಂತೆ ಚುರ್ ಅನ್ನುತ್ತಿತ್ತು. ಪುಕ್ಕಟೆ ಎಂಪಿ3 ಫೈಲನ್ನೇ ಪ್ಲಾಸ್ಟಿಕ್‌ಗೆ ಒತ್ತಿ ಮಾರಿದ್ದಾರೆ ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. ಹತ್ತಾರು ಮೆಸೇಜ್ ಆದ ಮೇಲೆ ವಾಪಸ್ ತೆಗೆದುಕೊಂಡರು, ಕೊರಿಯರ್ ಖರ್ಚು ನನ್ನ ತಲೆಗೆ.

ಈ ಮಿಕ್ಸ್‌ಟೇಪ್‌ಗೆ ಇದು ಹೊಸದೂ ಅಲ್ಲ. 2013ರಲ್ಲೇ, ಚಾನ್ಸ್‌ಗೆ ಸಂಬಂಧವೇ ಇಲ್ಲದವರು ಮಾರಿದ ಪ್ರತಿಗಳಿಂದ ಆಸಿಡ್ ರ‍್ಯಾಪ್ ಅಮೆರಿಕದಲ್ಲಿ ಚೆನ್ನಾಗಿ ಮಾರಾಟವಾಗುವ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಗೆ ಹತ್ತಿತ್ತು. ಅವನು ಪುಕ್ಕಟೆ ಕೊಟ್ಟಿದ್ದನ್ನು ಯಾರೋ ಮಾರಿ ದುಡ್ಡು ಮಾಡಿಕೊಂಡರು. ಅದಕ್ಕೇ ನನಗೆ ಜಾಸ್ತಿ ಸಿಟ್ಟು.

ಈ ಪಟ್ಟಿಯಲ್ಲಿ 'ಮ್ಯಾಡ್‌ವಿಲನಿ' ಆಲ್ಬಮ್ ಯಾಕಿಲ್ಲ ಅಂತ ಕೇಳುವವರಿಗೆ: ಅದರಲ್ಲಿನ ರ‍್ಯಾಪರ್ ಎಂಎಫ್ ಡೂಮ್ ದನಿ, ಪ್ರೊಡ್ಯೂಸರ್ ಮ್ಯಾಡ್‌ಲಿಬ್ ಬೀಟ್ ಎರಡೂ ಪ್ರಾಣ. ಬರೀ 46 ನಿಮಿಷಕ್ಕೆ ಎರಡು ರೆಕಾರ್ಡ್‌ಗಳ ಬೆಲೆ ಕೊಡೋಕೆ ಈ ಸಲ ಕೈ ಬರಲಿಲ್ಲ.

ನಿಮ್ಮ ಹತ್ತಿರ ಒಂದೇ ರೆಕಾರ್ಡ್‌ಗೆ ದುಡ್ಡಿದ್ದರೆ, ನನ್ನ ಥರ ಸಂಜೆ ಮುಕ್ಕಾಲು ಗಂಟೆ ಮಾತ್ರ ಬಿಡುವಿದ್ದರೆ, ಇಲ್ಮ್ಯಾಟಿಕ್ ತನ್ನಿ. ಎರಡಕ್ಕೆ ದುಡ್ಡಿದ್ದರೆ ಬಟರ್‌ಫ್ಲೈ ಸೇರಿಸಿ. ಆಸಿಡ್ ರ‍್ಯಾಪ್‌ನ 2013ರ ಹಳೇ ಫೈಲ್ ನಿಮ್ಮ ಯಾವುದಾದರೂ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಇದ್ದರೆ ದಯವಿಟ್ಟು ಅಳಿಸಬೇಡಿ, ಇನ್ನೊಂದು ಕಡೆಯೂ ಕಾಪಿ ಮಾಡಿಟ್ಟುಕೊಳ್ಳಿ.